ವೀಕ್ಷಕ ವಿವರಣೆಯೂ ಪಕ್ಷಪಾತವೂ

ಕುರುಕ್ಷೇತ್ರದಲ್ಲಿ ನಡೆದ ಯುದ್ಧವನ್ನು ಹಸ್ತಿನಾವತಿಯ ಅರಮನೆಯಲ್ಲಿ ಕುಳಿತಿದ್ದ ಕುರುಡ ದೊರೆಗೆ ತಿಳಿಸುವ ಕಾರ್ಯವು ಸಂಜಯನ ಪಾಲಿಗೆ ಬಂದಿತು. ವ್ಯಾಸರು ಅವನಿಗೆ ದಿವ್ಯದೃಷ್ಟಿಯನ್ನು ಅನುಗ್ರಹಿಸಿದ್ದರು. ಆದುದರಿಂದ ಕಾಣುವುದು ಅವನಿಗೆ ಕಷ್ಟವಾಗಲಿಲ್ಲ. ಕಷ್ಟವಾದುದು ಹೇಳುವುದು. ಅವನು ಧೃತರಾಷ್ಟ್ರನ ಅನ್ನವನ್ನುಂಡವನು. ಹೇಳಬೇಕಾಗಿದ್ದುದಾದರೋ ಧೃತರಾಷ್ಟ್ರನ ಮಕ್ಕಳ ಸೋಲನ್ನು, ಸಾವನ್ನು. ಅವನು ಅದನ್ನು ಮುಚ್ಚಿಡಲಿಲ್ಲ. ಸಂದರ್ಭ ಬಂದಾಗ ಇದು ನಿನ್ನ ತಪ್ಪಿನ ಫಲವೇ ಎಂದು ಒಡೆಯನಿಗೆ ನುಡಿಯಲೂ ಹಿಂಜರಿಯಲಿಲ್ಲ. ಕೇಳುವವನ ಸ್ಥಿತಿ ಬೇರೆ. ತನ್ನ ಮಕ್ಕಳು ಒಂದು ಕಡೆ, ಪಾಂಡುವಿನ ಮಕ್ಕಳು ಇನ್ನೊಂದು ಕಡೆ ಎಂದು ಮೊದಲ ಪ್ರಶ್ನೆಯಲ್ಲಿಯೇ ಗೆರೆಯೆಳೆದು ಕೇಳಲು ಕುಳಿತವನು ಅವನು. ಕಂಡು ಹೇಳುವ ಮಾತಿನ ನ್ಯಾಯಾನ್ಯಾಯಗಳನ್ನು ತೂಗುವ ಪ್ರಸಂಗ ಬಂದಾಗ ಈ ಇಬ್ಬರನ್ನೂ ಒಟ್ಟಿಗೆ ನೆನೆಯುವುದು ಲೇಸು.

ಆಟವನ್ನು ಕಂಡು ಹೇಳುವುದಕ್ಕೆ ಕನ್ನಡದಲ್ಲಿ ‘ವೀಕ್ಷಕ ವಿವರಣೆ’ ಎಂಬ ಹೆಸರು ಬಳಕೆಯಲ್ಲಿದೆ. ಹೆಸರು ಅರ್ಥವತ್ತಾಗಿದೆ. ಹೇಳುವವನು ಮೊದಲು ವೀಕ್ಷಕ, ಆಮೇಲೆ ವಿವರಣಕಾರ. ಕಂಡುದು ಒಂದು, ಹೇಳಿದುದು ಇನ್ನೊಂದು ಆದಲ್ಲಿ ಆ ಕಲೆಗೆ ಕುಂದು. ಈ ಕುಂದಿನ ವಿಚಾರವಾಗಿ ಬಹಳ ಕಾಲದಿಂದ ಬಹಳ ಬಿಸಿಯಾಗಿ ವಾದ ನಡೆದಿರುವುದು ಅಮೆರಿಕದಲ್ಲಿ, ಅಲ್ಲಿಯ ಕಾಲೇಜುಗಳ ಬ್ಯಾಸ್ಕೆಟ್‌ಬಾಲ್ ಆಟದ ಟೆಲಿವಿಷನ್ ಪ್ರಸಾರದ ಸಂಬಂಧದಲ್ಲಿ. ಆ ವಾದವನ್ನು ಸಾಹಿತ್ಯವಿಮರ್ಶೆಯ ಕಣ್ಣಿನಿಂದ ನೋಡುವುದು ಅನುಚಿತವಾಗದು. ಏಕೆಂದರೆ ವೀಕ್ಷಕ ವಿವರಣೆಯೂ ಒಂದು ಕಥನವೇ. ಅದಕ್ಕೂ ನಾಯಕ ಪ್ರತಿನಾಯಕರುಂಟು, ವಿಶೇಷಣಗಳುಂಟು, ರಸವುಂಟು, ರಸಾಭಾಸವೂ ಉಂಟು.

ಈ ಆಟದ ವೃತ್ತಾಂತವನ್ನು ಸ್ವಲ್ಪ ಹೇಳಬೇಕು. 1891ನೆಯ ಇಸವಿಯ ಡಿಸೆಂಬರ್ ತಿಂಗಳಲ್ಲಿ ಮ್ಯಾಸಚೂಸೆಟ್ಸ್ ಸಂಸ್ಥಾನದ ಸ್ಪ್ರಿಂಗ್‌ಫೀಲ್ಡ್ ಪಟ್ಟಣದಲ್ಲಿ ಜೇಮ್ಸ್ ನೇಯ್‌ಸ್ಮಿತ್ ಎಂಬ ಉಪಾಧ್ಯಾಯನು, ಚಳಿಗಾಲದಲ್ಲಿ ಹುಡುಗರು ಮನೆಯೊಳಗೆ ಆಡಲೆಂದು ಇದನ್ನು ಕಲ್ಪಿಸಿದನು. 1940ರ ಫೆಬ್ರವರಿ 28ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ಫೋರ್ಡಮ್ ಮತ್ತು ಪಿಟ್ಸ್‌ಬರ್ಗ್ ತಂಡಗಳು ಆಡಿದ ಪಂದ್ಯವು ಮೊಟ್ಟಮೊದಲು ಟೆಲಿವಿಷನ್ನಿನಲ್ಲಿ ಕಂಡ ಕಾಲೇಜು ಪಂದ್ಯ. 1968ರ ಜನವರಿ 20ರಂದು ಹ್ಯೂಸ್ಟನ್ನಿನ ಆಸ್ಟ್ರೋಡೋಮಿನಲ್ಲಿ 52,693 ಮಂದಿಯ ಮುಂದೆ ಹ್ಯೂಸ್ಟನ್ ತಂಡವು ಯು.ಸಿ.ಎಲ್.ಎ. ತಂಡವನ್ನು 71–69ರಿಂದ ಸೋಲಿಸಿದಾಗ ಆ ದೇಶವೆಲ್ಲವೂ ಮನೆಯಲ್ಲಿ ಕುಳಿತು ನೋಡಿತು. ಮುಂದೆ ಬೆಳೆದ ಬೆಳೆ ದೊಡ್ಡದು. ವರ್ಷಕ್ಕೊಮ್ಮೆ ಮಾರ್ಚಿಯಲ್ಲಿ ನಡೆಯುವ ರಾಷ್ಟ್ರೀಯ ಪಂದ್ಯಾವಳಿಯನ್ನು 14 ವರ್ಷ ಪ್ರಸಾರ ಮಾಡುವ ಹಕ್ಕಿಗೆ ಸಿ.ಬಿ.ಎಸ್. ಮತ್ತು ಟರ್ನರ್ ಸಂಸ್ಥೆಗಳು 2010ರಲ್ಲಿ ಒಪ್ಪಿದ ಹಣ 1080 ಕೋಟಿ ಡಾಲರು.

ಇಷ್ಟು ಹಣ ಹುಟ್ಟಿದುದು ಅಭಿಮಾನದಿಂದ. ಅಮೆರಿಕದಲ್ಲಿ ಓದಿ ಮುಗಿಸಿದವನಿಗೆ ತನ್ನ ಕಾಲೇಜು ಕುಲದೇವತೆಯಂತೆ. ನಲವತ್ತು ವರ್ಷ ಕಳೆದರೂ ಅವನು ಅದರ ಬಣ್ಣದ ಅಂಗಿಯನ್ನು ತೊಡುವನು; ಅಲ್ಲಿಯ ಹತ್ತೊಂಬತ್ತು ವರ್ಷದ ಹುಡುಗನು ಚೆಂಡನ್ನು ಬುಟ್ಟಿಗೆ ಹಾಕಿದರೆ ತಾನೇ ಹಾಕಿದಂತೆ ಹಿಗ್ಗುವನು. ಇಂತಹ ಭಕ್ತನು ಪಂದ್ಯವನ್ನು ನೋಡುತ್ತ ಕುಳಿತಾಗ, ಕಾಣದ ಧ್ವನಿಯೊಂದು ಎದುರು ತಂಡದ ಆಟವನ್ನು ಕೊಂಡಾಡಿದರೆ ಅವನಿಗೆ ನೋವಾಗುವುದು ಸಹಜ. “ಈತನು ಅವರ ಕಡೆಯವನು” ಎಂಬ ಮಾತು ಆಗ ಹುಟ್ಟುವುದು.

ದೂರಿಗೆ ಆಧಾರವಿಲ್ಲವೆಂದು ತಳ್ಳಿಬಿಡುವಂತಿಲ್ಲ. ಅಲ್ಲಿಯ ಪದ್ಧತಿಯಲ್ಲಿ ವಿವರಣೆಗೆ ಇಬ್ಬರು ಕುಳಿತುಕೊಳ್ಳುವರು. ಒಬ್ಬನು ನಡೆದುದನ್ನು ನಡೆದಂತೆ ಹೇಳುವವನು. ಮತ್ತೊಬ್ಬನು ಅದರ ಗುಣದೋಷಗಳನ್ನು ಬಿಡಿಸಿ ತೋರಿಸುವವನು. ಈ ಎರಡನೆಯವನು ಸಾಮಾನ್ಯವಾಗಿ ಹಿಂದೆ ಆಟಗಾರನಾಗಿಯೋ ತರಬೇತುದಾರನಾಗಿಯೋ ಇದ್ದವನು. ಜೇ ಬೈಲಸ್ ಡ್ಯೂಕ್ ವಿಶ್ವವಿದ್ಯಾಲಯಕ್ಕೆ ಆಡಿದವರು. ಬಿಲ್ಲಿ ಪ್ಯಾಕರ್ ವೇಕ್ ಫಾರೆಸ್ಟಿಗೆ ಆಡಿದವರು. ಬಿಲ್ ವಾಲ್ಟನ್ ಯು.ಸಿ.ಎಲ್.ಎ.ಗೆ ಆಡಿದವರು. ಆಟವನ್ನು ಬಲ್ಲವನೇ ವಿವರಿಸಬೇಕು. ಬಲ್ಲವನಾಗಬೇಕಾದರೆ ಎಲ್ಲಿಯೋ ಒಂದು ಕಡೆ ಆಡಿರಬೇಕು. ಆಡಿದ ಮೇಲೆ ಅವನಿಗೊಂದು ಊರು, ಒಂದು ಋಣ ಉಂಟೇ ಉಂಟು. ಆದುದರಿಂದ ಋಣವೇ ಇಲ್ಲದ ವಿವರಣಕಾರನನ್ನು ಬೇಡುವುದು ತಾಯಿಯಿಲ್ಲದ ಮಗುವನ್ನು ಬೇಡಿದಂತೆ.

ಪ್ಯಾಕರ್ ಅವರ ಉದಾಹರಣೆಯನ್ನು ವಿಸ್ತರಿಸಿ ನೋಡಬಹುದು. 1975ರಿಂದ 2008ರವರೆಗೆ ಒಂದು ವರ್ಷವೂ ಬಿಡದೆ ರಾಷ್ಟ್ರೀಯ ಪಂದ್ಯಾವಳಿಯ ಕೊನೆಯ ಘಟ್ಟವನ್ನು ವಿವರಿಸಿದವರು ಅವರು, 2023ರಲ್ಲಿ ತೀರಿಕೊಂಡರು. ಮೊನಚು ಮಾತಿನ ಮನುಷ್ಯ. ತಾವು ಆಡಿದ ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್ ಎಂಬ ಕಾಲೇಜುಗಳ ಕೂಟವನ್ನೇ ಎತ್ತಿ ಹಿಡಿಯುವರೆಂಬ ಅಪವಾದ ಅವರನ್ನು ಕೊನೆಯವರೆಗೂ ಬಿಡಲಿಲ್ಲ. 2006ರಲ್ಲಿ ಸಣ್ಣ ಕೂಟಗಳ ತಂಡಗಳಿಗೆ ಪಂದ್ಯಾವಳಿಯಲ್ಲಿ ಅಷ್ಟೊಂದು ಸ್ಥಾನಗಳನ್ನು ಕೊಟ್ಟುದು ಸರಿಯೆ ಎಂದು ಅವರು ಆಯ್ಕೆಯ ಸಮಿತಿಯ ಅಧ್ಯಕ್ಷರನ್ನೇ ಪ್ರಸಾರದಲ್ಲಿ ಪ್ರಶ್ನಿಸಿದರು. ಅದೇ ವರ್ಷ ಜಾರ್ಜ್ ಮೇಸನ್ ಎಂಬ ಸಣ್ಣ ಕೂಟದ ತಂಡವು ನಾರ್ತ್ ಕ್ಯಾರೊಲಿನ, ಕನೆಕ್ಟಿಕಟ್ ಮೊದಲಾದ ಘಟಾನುಘಟಿಗಳನ್ನು ಕೆಡವಿ ಕೊನೆಯ ನಾಲ್ಕರಲ್ಲಿ ಒಂದಾಯಿತು. ದೂರುವವರಿಗೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಾಗಲಿಲ್ಲ.

ಆದರೆ ಎರಡು ವರ್ಷದ ಮೇಲೆ ನಡೆದುದನ್ನೂ ನೋಡಬೇಕು. 2008ರ ಉಪಾಂತ್ಯ ಪಂದ್ಯದಲ್ಲಿ ಕ್ಯಾನ್ಸಸ್ ತಂಡವು ನಾರ್ತ್ ಕ್ಯಾರೊಲಿನದ ಮೇಲೆ ಇಪ್ಪತ್ತೈದಕ್ಕೂ ಹೆಚ್ಚು ಅಂಕಗಳಿಂದ ಮುಂದಾಗಿದ್ದಾಗ, ಮೊದಲರ್ಧವೇ ಮುಗಿಯದಿರಲು, ಆಟ ಮುಗಿಯಿತೆಂದು ಪ್ಯಾಕರ್ ಸಾರಿಬಿಟ್ಟರು. ನಾರ್ತ್ ಕ್ಯಾರೊಲಿನದ ಅಭಿಮಾನಿಗಳು ಕೆರಳಿದರು. ನಾರ್ತ್ ಕ್ಯಾರೊಲಿನವಾದರೋ ಪ್ಯಾಕರ್ ಅವರು ಎತ್ತಿ ಹಿಡಿಯುವರೆಂದು ಲೋಕವೆಲ್ಲ ದೂರುತ್ತಿದ್ದ ಆ ಕೂಟದ್ದೇ ತಂಡ! ಆ ತಂಡವು ಒಂದು ಹಂತದಲ್ಲಿ ನಾಲ್ಕೇ ಅಂಕಗಳ ಅಂತರಕ್ಕೆ ಬಂದುದು ನಿಜ. ಕೊನೆಗೆ 84–66ರಿಂದ ಸೋತುದೂ ನಿಜ. ಹೇಳಿದ ಮಾತು ಅವಸರದ ಮಾತೆನ್ನಬಹುದು, ಪಕ್ಷಪಾತದ ಮಾತೆನ್ನಲಾಗದು. ಒಬ್ಬನೇ ಮನುಷ್ಯನು ಒಂದೇ ಕೂಟಕ್ಕೆ ಮಿತ್ರನೂ ಶತ್ರುವೂ ಆಗಿ ಕಂಡನೆಂದರೆ, ನೋಡಬೇಕಾದುದು ಅವನ ನಾಲಗೆಯನ್ನು ಮಾತ್ರವಲ್ಲ, ಕೇಳಿದವರ ಕಿವಿಯನ್ನೂ.

ಕಿವಿಯ ವಿಚಾರದಲ್ಲಿ ವಿದ್ವಾಂಸರು ಮಾಡಿರುವ ಪರೀಕ್ಷೆಗಳು ಕುತೂಹಲಕರವಾಗಿವೆ. 1951ರ ನವೆಂಬರಿನಲ್ಲಿ ಡಾರ್ಟ್‌ಮತ್ ಮತ್ತು ಪ್ರಿನ್ಸ್‌ಟನ್ ಕಾಲೇಜುಗಳ ನಡುವೆ ಅಮೆರಿಕದ ಮಾದರಿಯ ಫುಟ್‌ಬಾಲ್ ಪಂದ್ಯವೊಂದು ನಡೆದು, ಮೂಗು ಕಾಲುಗಳು ಮುರಿದು, ದೊಡ್ಡ ಜಗಳವಾಯಿತು. ಹ್ಯಾಸ್ಟಾರ್ಫ್ ಮತ್ತು ಕ್ಯಾಂಟ್ರಿಲ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಆ ಪಂದ್ಯದ ಚಲನಚಿತ್ರವನ್ನು ಎರಡೂ ಕಡೆಯ ವಿದ್ಯಾರ್ಥಿಗಳಿಗೆ ತೋರಿಸಿ, ಕಂಡ ತಪ್ಪುಗಳನ್ನು ಎಣಿಸಿರೆಂದರು. ಡಾರ್ಟ್‌ಮತ್ ತಂಡದ ತಪ್ಪುಗಳು ಡಾರ್ಟ್‌ಮತ್ತಿನ ಹುಡುಗರಿಗೆ ಎಷ್ಟು ಕಂಡವೋ, ಪ್ರಿನ್ಸ್‌ಟನ್ನಿನ ಹುಡುಗರಿಗೆ ಅದರ ಎರಡರಷ್ಟಕ್ಕಿಂತಲೂ ಹೆಚ್ಚಾಗಿ ಕಂಡವು. ಚಿತ್ರ ಒಂದೇ. ಈ ಪರೀಕ್ಷೆಯ ವರದಿ 1954ರಲ್ಲಿ ಪ್ರಕಟವಾಯಿತು. ಮುಂದೆ 1985ರಲ್ಲಿ ವಲ್ಲೋನ್, ರಾಸ್, ಲೆಪರ್ ಎಂಬ ವಿದ್ವಾಂಸರು ಇನ್ನೊಂದು ಸಂಗತಿಯನ್ನು ಪ್ರಕಟಿಸಿದರು. 1982ರ ಬೈರೂತಿನ ಹತ್ಯಾಕಾಂಡದ ಸಮಾಚಾರಚಿತ್ರಗಳನ್ನು ಅರಬರ ಪರವಾಗಿದ್ದವರಿಗೂ ಇಸ್ರೇಲಿನ ಪರವಾಗಿದ್ದವರಿಗೂ ತೋರಿಸಲು, ಇದು ನಮಗೆ ವಿರುದ್ಧವಾಗಿದೆಯೆಂದು ಎರಡು ಪಕ್ಷದವರೂ ದೂರಿದರು. ಆಟದ ಮಾತಿಗೂ ಈ ನ್ಯಾಯ ಸಲ್ಲುವುದು. ಮನಸ್ಸಿನಲ್ಲಿ ಪಕ್ಷವನ್ನು ಕಟ್ಟಿಕೊಂಡವನಿಗೆ ಸಮತೂಕದ ತಕ್ಕಡಿಯೂ ಎದುರು ಪಕ್ಷದ ಕಡೆಗೇ ವಾಲಿದಂತೆ ಕಾಣುವುದು.

2014ರ ಏಪ್ರಿಲಿನಲ್ಲಿ ಈ ಮಾತಿಗೆ ಬೇಡವೆಂದರೂ ಒಂದು ನಿದರ್ಶನ ದೊರೆಯಿತು. ಆ ವರ್ಷದ ಉಪಾಂತ್ಯ ಪಂದ್ಯಗಳನ್ನು ಟರ್ನರ್ ಸಂಸ್ಥೆಯು ಮೂರು ವಾಹಿನಿಗಳಲ್ಲಿ ಪ್ರಸಾರ ಮಾಡಿತು. ಒಂದರಲ್ಲಿ ಸರ್ವಸಾಮಾನ್ಯವಾದ ವಿವರಣೆ. ಉಳಿದೆರಡರಲ್ಲಿ ಆಡುವ ಎರಡು ತಂಡಗಳಿಗೆ ಒಂದೊಂದರಂತೆ, ಆಯಾ ತಂಡದ ಕಡೆಯವರೇ ಮಾಡುವ ವಿವರಣೆ. ಅಭಿಮಾನಿಗಳಿಗೆ ಹಬ್ಬವಾಗಲೆಂದು ಮಾಡಿದ ಏರ್ಪಾಡು. ಆದರೆ ಎಷ್ಟೋ ಮಂದಿ ಈ ಏರ್ಪಾಡನ್ನರಿಯದೆ ಎದುರು ತಂಡಕ್ಕೆ ಮೀಸಲಾದ ವಾಹಿನಿಯನ್ನು ಹಾಕಿಕೊಂಡು, ಇಷ್ಟು ನಾಚಿಕೆಗೆಟ್ಟ ಪಕ್ಷಪಾತವನ್ನು ಹುಟ್ಟಿದಾರಭ್ಯ ಕೇಳಿರಲಿಲ್ಲವೆಂದು ಗದ್ದಲವೆಬ್ಬಿಸಿದರು. ನಗೆಗೀಡಾದ ಈ ಪ್ರಸಂಗದಲ್ಲಿ ಒಂದು ತಿಳಿವಳಿಕೆಯೂ ಉಂಟು. ಬಹಿರಂಗವಾಗಿ ಸಾರಿದ ಪಕ್ಷಪಾತವು ಅದನ್ನರಿತವನಿಗೆ ವಿನೋದ, ಅರಿಯದವನಿಗೆ ಮೋಸ. ದೋಷವು ಒಲವಿನಲ್ಲಿಲ್ಲ, ಒಲವನ್ನು ಅರಿಯದಿರುವಲ್ಲಿದೆ.

ಹಾಗಾದರೆ ದೂರೆಲ್ಲವೂ ಕೇಳುವವನ ಭ್ರಮೆ ಎಂದು ಮುಗಿಸಿಬಿಡಬಹುದೆ? ಸಲ್ಲದು. ಮಾತಿಗೆ ಕಣ್ಣನ್ನು ತಿದ್ದುವ ಶಕ್ತಿಯುಂಟು. 1977ರಲ್ಲಿ ಕಾಮಿಸ್ಕಿ, ಬ್ರಯಂಟ್, ಜಿಲ್‌ಮನ್ ಎಂಬವರು ಐಸ್ ಹಾಕಿ ಪಂದ್ಯದ ದೃಶ್ಯಗಳನ್ನು ವಿವರಣೆಯೊಡನೆಯೂ ವಿವರಣೆಯಿಲ್ಲದೆಯೂ ಜನರಿಗೆ ತೋರಿಸಿ ನೋಡಿದರು. ಸಾಧಾರಣವಾದ ಆಟಕ್ಕೆ, ಒರಟುತನವನ್ನು ಎತ್ತಿ ಹೇಳುವ ವಿವರಣೆಯನ್ನು ಜೋಡಿಸಿದಾಗ ನೋಡಿದವರಿಗೆ ಆಟವೇ ಒರಟಾಗಿ ಕಂಡಿತು. ತೆರೆಯ ಮೇಲೆ ಎಲ್ಲವೂ ಕಾಣುತ್ತಿರುವಾಗ ಮಾತಿನಿಂದ ಏನಾದೀತು ಎನ್ನುವವರು ಇದನ್ನು ಮನನ ಮಾಡತಕ್ಕದ್ದು. ಧೃತರಾಷ್ಟ್ರನಿಗೆ ಕಣ್ಣಿರಲಿಲ್ಲ, ಕಿವಿಯಿಂದ ಕಂಡನು. ಕಣ್ಣಿದ್ದವರೂ ಬಹುಮಟ್ಟಿಗೆ ಕಿವಿಯಿಂದಲೇ ಕಾಣುವರು.

ಆದುದರಿಂದ ನಿಜವಾದ ಪಕ್ಷಪಾತ ಎಲ್ಲಿದೆ ಎಂದು ಹುಡುಕುವುದು ಅಗತ್ಯ. ಹುಡುಕಿದರೆ ಅದು ಅಭಿಮಾನಿಯು ಬೆರಳು ತೋರಿಸುವ ಕಡೆ ಅಷ್ಟಾಗಿ ಸಿಕ್ಕುವುದಿಲ್ಲ. ಅವನು ನೋಡದ ಎರಡು ಕಡೆ ಸಿಕ್ಕುವುದು.

ಮೊದಲನೆಯದು ಮಾತಿನ ಗುಣದಲ್ಲಲ್ಲ, ಮೊತ್ತದಲ್ಲಿ. ಡಿಕ್ ವೈಟಲ್ ಅವರು 1979ರ ಡಿಸೆಂಬರಿನಲ್ಲಿ ಇ.ಎಸ್.ಪಿ.ಎನ್. ವಾಹಿನಿಯ ಮೊದಲ ಕಾಲೇಜು ಬ್ಯಾಸ್ಕೆಟ್‌ಬಾಲ್ ಪಂದ್ಯಕ್ಕೆ ವಿವರಣೆ ನೀಡಿದವರು. ಅವರಿಗೆ ಡ್ಯೂಕಿನ ಪಕ್ಷಪಾತಿಯೆಂಬ ಹೆಸರು ಅಂಟಿಕೊಂಡಿದೆ. ಆದರೆ ಅವರು ಓದಿದುದು ಸೀಟನ್ ಹಾಲಿನಲ್ಲಿ, ತರಬೇತುದಾರರಾಗಿದ್ದುದು ಡೆಟ್ರಾಯಿಟ್ಟಿನಲ್ಲಿ. ಡ್ಯೂಕಿನ ಋಣ ಅವರಿಗಿರಲಿಲ್ಲ. ಇದ್ದುದು ಗೆಲುವಿನ ಒಲವು. ಗೆದ್ದ ತಂಡವನ್ನು ಮತ್ತೆ ಮತ್ತೆ ತೋರಿಸುವರು. ತೋರಿಸಿದುದನ್ನು ಮತ್ತೆ ಮತ್ತೆ ಹೊಗಳುವರು. ಹೊಗಳಿಕೆಯಿಂದ ಒಳ್ಳೆಯ ಹುಡುಗರು ಅಲ್ಲಿಗೇ ಹೋಗಿ ಸೇರುವರು. ಅದರಿಂದ ಮತ್ತೆ ಗೆಲುವು. ಇದರ ಮೇಲೆ ಹಣದ ಸಂಬಂಧವೂ ಬೆರೆತಿದೆ. ಪಂದ್ಯಗಳನ್ನು ಕೊಂಡ ಸಂಸ್ಥೆಯೇ ವಿವರಣಕಾರನಿಗೆ ಸಂಬಳ ಕೊಡುವುದು. ಇ.ಎಸ್.ಪಿ.ಎನ್. ಸಂಸ್ಥೆಯು 2014ರಲ್ಲಿ ಒಂದು ಕೂಟದ ಹೆಸರಿನಲ್ಲಿಯೂ 2019ರಲ್ಲಿ ಮತ್ತೊಂದು ಕೂಟದ ಹೆಸರಿನಲ್ಲಿಯೂ ಪ್ರತ್ಯೇಕ ವಾಹಿನಿಗಳನ್ನೇ ತೆರೆಯಿತು. ಉಂಡ ಮನೆಯ ಜಂತೆ ಎಣಿಸಬಾರದೆಂಬ ಗಾದೆ ಸಂಸಾರದಲ್ಲಿ ಒಳ್ಳೆಯದು. ವಿಮರ್ಶೆಯ ಪೀಠದಲ್ಲಿ ಅಪಾಯಕರ. ಮಾರಬೇಕಾದ ಸರಕನ್ನು ಮಾರುವವನೇ ಪರೀಕ್ಷಿಸಿ ಬೆಲೆ ಹೇಳುವ ಅಂಗಡಿ ಅದು.

ಮಾತನಾಡದಿರುವುದೂ ಪಕ್ಷಪಾತವೇ. ಹೆಣ್ಣುಮಕ್ಕಳ ರಾಷ್ಟ್ರೀಯ ಪಂದ್ಯಾವಳಿ ಕಾಲೇಜುಗಳ ಆ ಮಹಾಸಂಘದ ಆಶ್ರಯದಲ್ಲಿ 1982ರಲ್ಲಿ ಆರಂಭವಾದರೂ, ಗಂಡುಮಕ್ಕಳ ಪಂದ್ಯಾವಳಿಗೆ ಸಲ್ಲುತ್ತಿದ್ದ ‘ಮಾರ್ಚ್ ಮ್ಯಾಡ್‌ನೆಸ್’ ಎಂಬ ಮೆರುಗಿನ ಹೆಸರು ಅದಕ್ಕೆ ದೊರೆತುದು 2022ರಲ್ಲಿ. ಎರಡೇ ವರ್ಷದ ಮೇಲೆ, 2024ರಲ್ಲಿ, ಸೌತ್ ಕ್ಯಾರೊಲಿನ ಮತ್ತು ಅಯೋವ ತಂಡಗಳ ಹೆಣ್ಣುಮಕ್ಕಳು ಆಡಿದ ಅಂತಿಮ ಪಂದ್ಯವನ್ನು ಸುಮಾರು 1 ಕೋಟಿ 89 ಲಕ್ಷ ಜನ ನೋಡಿದರು. ಅದೇ ವರ್ಷ ಗಂಡುಮಕ್ಕಳ ಅಂತಿಮ ಪಂದ್ಯವನ್ನು ನೋಡಿದವರು ಸುಮಾರು 1 ಕೋಟಿ 48 ಲಕ್ಷ. ನೋಡುವವರಿಲ್ಲದುದರಿಂದ ಹೇಳಲಿಲ್ಲವೋ, ಹೇಳದುದರಿಂದ ನೋಡಲಿಲ್ಲವೋ ಎಂಬ ಪ್ರಶ್ನೆಗೆ ಈ ಅಂಕಿಗಳಲ್ಲಿ ಸ್ವಲ್ಪಮಟ್ಟಿನ ಉತ್ತರವಿದೆ.

ಎರಡನೆಯ ಪಕ್ಷಪಾತವು ಇನ್ನೂ ಸೂಕ್ಷ್ಮವಾದುದು. ಅದು ವಿಶೇಷಣಗಳಲ್ಲಿ ಅಡಗಿದೆ. ಸೂಸನ್ ಈಸ್ಟ್‌ಮನ್ ಮತ್ತು ಆಂಡ್ರ್ಯೂ ಬಿಲಿಂಗ್ಸ್ ಎಂಬ ವಿದ್ವಾಂಸರು ಕಾಲೇಜು ಬ್ಯಾಸ್ಕೆಟ್‌ಬಾಲಿನ ವಿವರಣೆಯಲ್ಲಿ ಬಂದ ವರ್ಣನೆಗಳನ್ನು ಒಂದೊಂದಾಗಿ ಆಯ್ದು ವಿಂಗಡಿಸಿ 2001ರಲ್ಲಿ ಪ್ರಕಟಿಸಿದರು. ಕರಿಯ ಆಟಗಾರರಿಗೆ ಸಂದ ಹೊಗಳಿಕೆ ಹುಟ್ಟಿನಿಂದ ಬಂದ ಮೈಬಲ, ವೇಗ, ನೆಗೆತಗಳ ಕಡೆಗೆ ವಾಲಿತ್ತು. ಬಿಳಿಯರಿಗೆ ಸಂದುದು ದುಡಿಮೆ, ಪ್ರಯತ್ನ, ಬುದ್ಧಿಗಳ ಕಡೆಗೆ. 2005ರಲ್ಲಿ ರಾಡಾ ಮತ್ತು ವುಲ್ಫ್‌ಮೈಯರ್ ಎಂಬವರು ಕಾಲೇಜು ಫುಟ್‌ಬಾಲ್ ಮತ್ತು ಬ್ಯಾಸ್ಕೆಟ್‌ಬಾಲ್ ಎರಡನ್ನೂ ಪರಿಶೀಲಿಸಿ, ಬುದ್ಧಿಯ ವಿಚಾರವಾಗಿ ಆಡುವ ಮಾತಿನಲ್ಲಿ ಕರಿಯ ಆಟಗಾರರಿಗೆ ಅನ್ಯಾಯವಾಗುತ್ತಿರುವುದನ್ನು ಕಂಡರು.

ಮೇಲುನೋಟಕ್ಕೆ ಇದರಲ್ಲಿ ಬೈಗುಳವೇನೂ ಇಲ್ಲ, ಎರಡೂ ಹೊಗಳಿಕೆಯೇ. ಆದರೆ ಕಾವ್ಯವನ್ನು ಓದಿ ಬಲ್ಲವರಿಗೆ ವಿಶೇಷಣದ ಮಹಿಮೆ ಗೊತ್ತು. ‘ಎಷ್ಟು ಎತ್ತರ ನೆಗೆದನು’ ಎಂಬ ಮಾತು ದೇಹವನ್ನು ಹೊಗಳಿತು. ‘ಎಷ್ಟು ಚೆನ್ನಾಗಿ ಯೋಚಿಸಿದನು’ ಎಂಬ ಮಾತು ಮನುಷ್ಯನನ್ನು ಹೊಗಳಿತು. ಮುಂಜಾನೆ ಎದ್ದು ಖಾಲಿ ಅಂಗಣದಲ್ಲಿ ಸಾವಿರ ಸಲ ಚೆಂಡನ್ನೆಸೆದು ಕೈ ಪಳಗಿಸಿಕೊಂಡ ಹುಡುಗನಿಗೆ ನಿನ್ನದು ಹುಟ್ಟುಗುಣ ಎಂದರೆ ಅವನ ತಪಸ್ಸನ್ನು ಕಿತ್ತುಕೊಂಡಂತಾಯಿತು. ಅವನು ಮುಂದೆ ತರಬೇತುದಾರನಾಗಬೇಕೆಂದು, ಆಡಳಿತಗಾರನಾಗಬೇಕೆಂದು ಬಂದಾಗ, ಇಪ್ಪತ್ತು ವರ್ಷ ಅವನ ಮೈಯನ್ನೇ ಹೊಗಳಿದ ಕಿವಿಗಳು ಅವನ ಬುದ್ಧಿಯನ್ನು ನಂಬುವವೆ? ಈಗ ಇದಕ್ಕೆ ರೊಕ್ಕದ ಲೆಕ್ಕವೂ ಸೇರಿದೆ. 2021ರ ಜುಲೈಯಿಂದ ಕಾಲೇಜಿನ ಆಟಗಾರನು ತನ್ನ ಹೆಸರಿನಿಂದ ಹಣ ಸಂಪಾದಿಸಬಹುದಾಗಿದೆ. ಆ ಹೆಸರನ್ನು ಕಟ್ಟುವುದು ವಿವರಣಕಾರನ ನಾಲಗೆ.

ಇಷ್ಟು ದೊಡ್ಡ ಅನ್ಯಾಯದ ಮೇಲೆ ಅಭಿಮಾನಿಯ ದೂರು ಏಕೆ ಏಳುವುದಿಲ್ಲ? ಕಾರಣ ಸರಳವಾಗಿದೆ. ಕರಿಯರೂ ಬಿಳಿಯರೂ ಎರಡು ತಂಡಗಳಲ್ಲಿಯೂ ಇರುವುದರಿಂದ ಈ ಪಕ್ಷಪಾತದಿಂದ ಯಾವ ತಂಡಕ್ಕೂ ನಷ್ಟವಿಲ್ಲ. ನಷ್ಟವಾಗುವುದು ವ್ಯಕ್ತಿಗೆ. ತಂಡದ ಲೆಕ್ಕವನ್ನು ಮಾತ್ರ ಇಡುವ ಕಿವಿಗೆ ವ್ಯಕ್ತಿಯ ನಷ್ಟ ಕೇಳಿಸದು. ಧೃತರಾಷ್ಟ್ರನಿಗೆ ತನ್ನವರು ಎಷ್ಟು ಮಂದಿ ಉಳಿದರು ಎಂಬುದೇ ಪ್ರಶ್ನೆಯಾಗಿದ್ದುದರಿಂದ ಸಂಜಯನು ಹೇಳಿದ ಧರ್ಮವಿಚಾರವು ಅವನ ಮನಸ್ಸಿಗೆ ಇಳಿಯಲಿಲ್ಲ.

ವಿವರಣೆಯೇ ಬೇಡವೆಂದರೆ ಆದೀತೆ? ಅದನ್ನೂ ಅಮೆರಿಕದವರು ಮಾಡಿ ನೋಡಿದ್ದಾರೆ. 1980ರ ಡಿಸೆಂಬರ್ 20ರಂದು ಎನ್.ಬಿ.ಸಿ. ಸಂಸ್ಥೆಯು ನ್ಯೂಯಾರ್ಕ್ ಮತ್ತು ಮಯಾಮಿ ತಂಡಗಳ ವೃತ್ತಿಪರ ಫುಟ್‌ಬಾಲ್ ಪಂದ್ಯವೊಂದನ್ನು ವಿವರಣಕಾರರಿಲ್ಲದೆ, ಮೈದಾನದ ಸದ್ದನ್ನು ಮಾತ್ರ ಕೇಳಿಸಿ ಪ್ರಸಾರ ಮಾಡಿತು. ಜನರು ಅದನ್ನೊಂದು ಸೋಜಿಗವಾಗಿ ನೋಡಿದರು. ಪದ್ಧತಿಯಾಗಿ ಅದು ಬೇರೂರಲಿಲ್ಲ. ಮನುಷ್ಯನಿಗೆ ಕಂಡುದು ಸಾಲದು, ಕಂಡುದನ್ನು ಕುರಿತ ಮಾತು ಬೇಕು. ಮಾತನ್ನು ಬಿಡುವುದರಲ್ಲಿ ಪರಿಹಾರವಿಲ್ಲ, ಮಾತನ್ನು ತಿದ್ದಿಕೊಳ್ಳುವುದರಲ್ಲಿದೆ.

ತಿದ್ದಿಕೊಳ್ಳುವುದಕ್ಕೆ ಆದರ್ಶವನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ಪಂಪನು ತನ್ನ ಭಾರತದಲ್ಲಿ ಅರ್ಜುನನೇ ನಾಯಕನೆಂದು ಮೊದಲೇ ಸಾರಿ, ತನ್ನ ಒಡೆಯನಾದ ಅರಿಕೇಸರಿಯನ್ನು ಅವನೊಡನೆ ಒಂದುಗೂಡಿಸಿದನು. ಉಪ್ಪಿನ ಋಣವನ್ನು ಅವನು ಮರೆಮಾಚಲಿಲ್ಲ. ಆದರೆ ಕರ್ಣನ ವಿಚಾರ ಬಂದಾಗ ಅವನಿಗೆ ಸಲ್ಲಬೇಕಾದ ಮಾತನ್ನು ಕಡಿಮೆ ಮಾಡಲಿಲ್ಲ. ಓದುಗರು ಕರ್ಣನಿಗಾಗಿ ಮರುಗುವಂತೆಯೇ ಹಾಡಿದನು. ಒಲವನ್ನು ಒಪ್ಪಿಕೊಂಡು ಎದುರಾಳಿಯ ಗುಣಕ್ಕೆ ಪೂರ್ತಿ ಬೆಲೆ ಕಟ್ಟುವುದೇ ಕಥನದ ನಿಷ್ಪಕ್ಷಪಾತ. 2024ರಲ್ಲಿ ತೀರಿಕೊಂಡ ಬಿಲ್ ವಾಲ್ಟನ್ ಅವರಲ್ಲಿ ಇದರ ಮೊದಲರ್ಧವಾದರೂ ಇತ್ತು. 1973ರ ಅಂತಿಮ ಪಂದ್ಯದಲ್ಲಿ 22 ಎಸೆತಗಳಲ್ಲಿ 21ನ್ನು ಬುಟ್ಟಿಗೆ ಹಾಕಿದ್ದ ಆ ಆಟಗಾರರು, ವಿವರಣಕಾರರಾದ ಮೇಲೆ ಪಶ್ಚಿಮ ತೀರದ ತಮ್ಮ ಕೂಟವನ್ನು ನಗುನಗುತ್ತ, ಎಲ್ಲರೂ ಕೇಳುವಂತೆ ಹೊಗಳುತ್ತಿದ್ದರು. ಅದು ಒಲವೆಂದು ಎಲ್ಲರಿಗೂ ತಿಳಿದಿತ್ತು. ಆದುದರಿಂದ ಯಾರೂ ಮೋಸಹೋಗಲಿಲ್ಲ.

ಕೇಳುವವರ ಕರ್ತವ್ಯವೂ ಅಷ್ಟೇ ಸ್ಪಷ್ಟವಾಗಿದೆ. ಒಂದು ಸಂಜೆ ಪಂದ್ಯವನ್ನು ನೋಡುವಾಗ ಕಾಗದವೊಂದನ್ನು ಮುಂದಿಟ್ಟುಕೊಂಡು, ಯಾವ ಆಟಗಾರನಿಗೆ ಯಾವ ವಿಶೇಷಣ ಸಂದಿತು, ಯಾರ ಹೆಸರು ಎಷ್ಟು ಸಲ ಬಂದಿತು, ಯಾರದು ಬರಲೇ ಇಲ್ಲ ಎಂದು ಗುರುತು ಹಾಕಿದರೆ ಸಾಕು. ಗೆಲುವು ಸೋಲುಗಳ ಕಾವು ಇಳಿದ ಮೇಲೆ ಅದನ್ನು ಓದಿಕೊಳ್ಳಬೇಕು. ಕ್ರಿಕೆಟ್ ಕಬಡ್ಡಿಗಳ ವೀಕ್ಷಕ ವಿವರಣೆ ಕನ್ನಡದಲ್ಲಿಯೂ ಮನೆಮನೆಗೆ ಬರುತ್ತಿರುವುದರಿಂದ, ಅಮೆರಿಕದ ಪಂದ್ಯಗಳನ್ನು ನೋಡದವರೂ ಈ ಪರೀಕ್ಷೆಯನ್ನು ಮಾಡಬಹುದು. ನಮ್ಮ ತಂಡವನ್ನು ಹೊಗಳಲಿಲ್ಲವೆಂಬ ದೂರು ಮರುದಿನದ ಹೊತ್ತಿಗೆ ಮರೆತುಹೋಗುವುದು. ಒಬ್ಬ ಹುಡುಗನ ದುಡಿಮೆಯನ್ನು ಹುಟ್ಟುಗುಣವೆಂದು ಕರೆದ ಮಾತು ಅವನ ಬಾಳಿನುದ್ದಕ್ಕೂ ಅವನೊಡನೆ ನಡೆಯುವುದು. ದೂರುವುದಾದರೆ ಅದನ್ನು ಕುರಿತು ದೂರತಕ್ಕದ್ದು.